ರಾತ್ರಿ ಪಾಳಿಯ ಗಿರಣಿ

ಮೊದಲ ದಿನ ಇಲಿ ಎಂದುಕೊಂಡೆ. ರಾತ್ರಿ ಎರಡೂಕಾಲು ಗಂಟೆಗೆ ಟಾರ್ಚ್ ಹಿಡಿದು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಹಿಂದೆ, ಸಿಂಕಿನ ಕೆಳಗೆ ಬಗ್ಗಿ ನೋಡಿ, ವಾಪಸು ಬಂದು ಮಲಗಿದರೆ ಸದ್ದು ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ! ನನ್ನ ದಿಂಬಿನ ಮುಕ್ಕಾಲು ಪಾಲು ಕಬಳಿಸಿ ಮಲಗಿದ್ದ ಆರು ವರ್ಷದ ಮಗಳ ಬಾಯಿಂದ. ಕರ್, ಕರ್, ಕರಕ್. ಬೀಸುವ ಕಲ್ಲಿಗೆ ರಾಗಿ ಜೊತೆ ಮರಳೂ ಸಿಕ್ಕ ಹಾಗೆ.

ಪಕ್ಕದಲ್ಲಿ ಅವಳಮ್ಮನಿಗೆ ಗಾಢ ನಿದ್ದೆ. ಬೆಳಿಗ್ಗೆ ಹೇಳಿದರೆ, "ಹೌದಾ? ನಂಗೇನೂ ಕೇಳಿಸ್ಲಿಲ್ಲಪ್ಪ" ಎಂದಳು. ಕೂಸು ರಾತ್ರಿಯೆಲ್ಲ ಅಳುತ್ತಿದ್ದ ಕಾಲದಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ ಎಂದು ಅವಳು ಬಾಯಿಬಿಟ್ಟು ಅನ್ನಲಿಲ್ಲ. ಬೇಳೆ ತೊಳೆಯುತ್ತಿದ್ದ ರಭಸದಲ್ಲೇ ಗೊತ್ತಾಯಿತು.

"ಮಗು ಹಲ್ಲು ಕಡಿಯುತ್ತೆ" ಎನ್ನುವ ಮಾತನ್ನು ಈ ನಾಡಿನಲ್ಲಿ ಪೂರ್ತಿ ಹೇಳಲು ಸಾಧ್ಯವಿಲ್ಲ. "ಹಲ್ಲು" ಎನ್ನುವಷ್ಟರಲ್ಲಿ "ಜಂತುಹುಳ" ಎಂದು ತೀರ್ಪು ಬಂದಿರುತ್ತದೆ. ಅಮ್ಮ ಹೇಳಿದಳು, ಲಿಫ್ಟಿನಲ್ಲಿ ಸಿಕ್ಕವರು ಹೇಳಿದರು, ಮೆಡಿಕಲ್ ಶಾಪಿನ ಹುಡುಗ ನಾನು ಕೇಳದೆಯೇ ಹೇಳಿದ. ಆಗಸ್ಟ್ 10ಕ್ಕೆ ಶಾಲೆಯಲ್ಲೇ 400 ಮಿ.ಗ್ರಾಂ. ಅಲ್ಬೆಂಡಜೋಲ್ ಕೊಟ್ಟಾಗಿದೆ ಮಾರಾಯರೇ ಎಂದರೆ, "ಇನ್ನೊಂದು ಕೊಡಿ!" ತಮಾಷೆ ಎಂದರೆ, ಆ ಮಾತ್ರೆಯನ್ನೂ ಹಾಗೇ ನುಂಗುವಂತಿಲ್ಲ, ಚೆನ್ನಾಗಿ ಕಡಿದು ತಿನ್ನಬೇಕು. ನಮ್ಮವಳು ಬಹಳ ಚೆನ್ನಾಗಿ ಕಡಿದಿದ್ದಳಂತೆ.

ಕೊನೆಗೆ ಹಲ್ಲಿನ ಡಾಕ್ಟರ ಬಳಿ ಹೋದೆವು. ಗೊರಕೆ ಉಂಟೇ, ಬಾಯಿ ತೆರೆದು ಮಲಗುತ್ತಾಳೆಯೇ ಎಂದು ಕೇಳಿದರು, ಟಾನ್ಸಿಲ್ ಇಣುಕಿ ನೋಡಿದರು. ದೊಡ್ಡವರಿಗೆ ಕೊಡುವ ಹಾಗೆ ಹಲ್ಲಿಗೆ ಗಾರ್ಡ್ ಹಾಕೋಣವೆಂದರೆ ಈ ವಯಸ್ಸಿನಲ್ಲಿ ಒಂದು ಹಲ್ಲು ಬೀಳುತ್ತದೆ, ಇನ್ನೊಂದು ಹುಟ್ಟುತ್ತದೆ, ದವಡೆಯೂ ಬೆಳೆಯುತ್ತದೆ, ಅಳತೆ ನಿಲ್ಲುವುದಿಲ್ಲ. "ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಹೋಗುತ್ತೆ" ಎಂದರು. ತಾನಾಗೇ ಹೋಗುವುದಕ್ಕೆ ಏಳುನೂರು ರೂಪಾಯಿ. ಏಳುವಾಗ, "ಮಗೂಗೆ ಟೆನ್ಷನ್ ಏನಾದ್ರೂ ಇದೆಯಾ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಒಂದನೇ ಕ್ಲಾಸಿಗೇನು ಟೆನ್ಷನ್?

ಆಟೋದಲ್ಲಿ ಬರುವಾಗ ಲೆಕ್ಕ ಹಾಕಿದೆ. ಏಳೂ ಇಪ್ಪತ್ತಕ್ಕೆ ಬಸ್ಸು, ಗುರುವಾರ ಸ್ಪೆಲ್ಲಿಂಗ್, ಶುಕ್ರವಾರ ಒತ್ತಕ್ಷರದ ಉಕ್ತಲೇಖನ, ಶನಿವಾರ ಅಬ್ಯಾಕಸ್. ಇಡೀ ದಿನದಲ್ಲಿ ನಾನವಳಿಗೆ ಹೆಚ್ಚು ಸಲ ಹೇಳುವ ಮಾತು "ಬೇಗ". ಕನ್ನಡದಲ್ಲಿ ಸಿಟ್ಟು ಬಂದವರಲ್ಲವೇ ಹಲ್ಲು ಕಡಿಯುವುದು? ಬಯಲಾಟದ ಭೀಮನಿಗಾದರೆ ಎದುರಿಗೆ ದುಶ್ಶಾಸನ ಇರುತ್ತಾನೆ. ಇವಳಿಗೆ ಎದುರಿಗಿರುವುದು... ಬೇಡ, ಈ ದಾರಿಯಲ್ಲಿ ಮುಂದೆ ಹೋಗುವುದು ನನಗೆ ಕ್ಷೇಮವಲ್ಲ. ಹಲ್ಲು ಎಸೆದ ಕಥೆ ಹೇಳುತ್ತೇನೆ.

ಆ ವಾರವೇ ಚಕ್ಕುಲಿ ಕಡಿಯುವಾಗ ಕೆಳಗಿನ ಮುಂದಿನ ಹಲ್ಲು ಬಿತ್ತು. ತುದಿ ಅರ ಹಾಕಿ ಉಜ್ಜಿದಂತೆ ಮಟ್ಟಸವಾಗಿತ್ತು. ತೀರ್ಥಹಳ್ಳಿಯಿಂದ ಅಮ್ಮನ ಆಜ್ಞೆ: "ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೀರಿ, ಇಲ್ದಿದ್ರೆ ಹೊಸ ಹಲ್ಲು ಸೊಟ್ಟ ಬರ್ತದೆ." ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಗಣಿ ಎಲ್ಲಿಂದ ತರಲಿ? ಮೊಬೈಲಿನಲ್ಲಿ ಹುಡುಕಿದರೆ ಬೆರಣಿ ಸಿಕ್ಕಿತು, ಡಜನ್ ಲೆಕ್ಕದಲ್ಲಿ, ಕರುವಿನ ಚಿತ್ರವಿದ್ದ ಪೊಟ್ಟಣದಲ್ಲಿ. ಒಂದನ್ನು ನೀರಲ್ಲಿ ನೆನೆಹಾಕಿದೆ. ಅದು ಕದಡಿತೇ ಹೊರತು ಉಂಡೆಯಾಗಲಿಲ್ಲ. ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಎರಡು ಹಿಡಿ ಗೋಧಿಹಿಟ್ಟು ಸೇರಿಸಿದೆ. ಈ ವಿಷಯ ಅವಳಿಗೆ ಇಂದಿಗೂ ಗೊತ್ತಿಲ್ಲ.

ತಾರಸಿಯ ಬೀಗದಕೈ ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ. ಅವರೋ, ಹಪ್ಪಳ ಒಣಗಿಸುವುದಕ್ಕೂ ಅರ್ಜಿ ಕೇಳುವ ಮನುಷ್ಯ. ಟಿವಿ ಕೇಬಲ್ ನೋಡಬೇಕು ಎಂದು ಸುಳ್ಳು ಹೇಳಿ, ಮಗಳನ್ನೂ ಉಂಡೆಯನ್ನೂ ಎತ್ತಿಕೊಂಡು ಹತ್ತಿದೆ. ಹತ್ತಿದ ಮೇಲೆ ಹೊಳೆಯಿತು: ನಾವು ನಿಂತಿರುವುದೇ ಮಾಡಿನ ಮೇಲೆ. ಇನ್ನು ಎಸೆಯುವುದು ಎಲ್ಲಿಗೆ? ಅಮ್ಮನಿಗೆ ಫೋನ್ ಮಾಡಿದೆ.

"ಅದಕ್ಕಿಂತ ಮೇಲೆ ಎಂತ ಉಂಟು?"

"ನೀರಿನ ಟ್ಯಾಂಕು."

"ಥೋ, ಕುಡಿಯೋ ನೀರಿಗೆ ಹಾಕ್ತೀಯೇನೋ?"

ಕೊನೆಗೆ ಲಿಫ್ಟ್ ರೂಮಿನ ನೆತ್ತಿಯೇ ಮಾಡು ಎಂದು ತೀರ್ಮಾನವಾಯಿತು. ಮಗಳು ಕಣ್ಣುಮುಚ್ಚಿ, ಜೀವ ಬಿಟ್ಟು ಎಸೆದಳು. ಉಂಡೆ ಲಿಫ್ಟ್ ರೂಮು ಮುಟ್ಟಲಿಲ್ಲ. ಮೂರನೇ ಮಹಡಿಯವರ ಸೋಲಾರ್ ಗಾಜಿಗೆ ಪಚಕ್ ಎಂದು ಅಂಟಿಕೊಂಡಿತು. ಗೋಧಿಹಿಟ್ಟಿನ ಮಹಿಮೆ. "ಅಪ್ಪಾ, ಹಲ್ಲು ಬರುತ್ತಲ್ವಾ?" ಎಂದಳು. ಬರುತ್ತೆ, ಬೇಗ ಇಳಿ ಎಂದೆ.

ಮಾರನೇ ವಾರ ವಾಟ್ಸಾಪ್ ಗುಂಪಿನಲ್ಲಿ ಆ ಗಾಜಿನ ಫೋಟೊ ಬಂತು, ಇದು ಯಾವ ಹಕ್ಕಿಯ ಕೆಲಸವೆಂಬ ಪ್ರಶ್ನೆಯೊಂದಿಗೆ. ಪಾರಿವಾಳದ ಕಾಟ ಮಿತಿಮೀರಿದೆ, ಬಲೆ ಹಾಕಿಸಬೇಕು ಎಂದು ಮೊದಲು ಬರೆದವನು ನಾನೇ. ಈಗ ಬಲೆಗೆಂದು ಮನೆಗೆ ಸಾವಿರದಿನ್ನೂರು ವಂತಿಗೆ ಕೇಳುತ್ತಿದ್ದಾರೆ.

ಗಿರಣಿ ನಿಂತಿಲ್ಲ. ಆದರೆ ಮುಂದೊಂದು ಕಿಂಡಿ ಬಿದ್ದಮೇಲೆ ಸ್ವರ ಬದಲಾಗಿದೆ. ಎರಡು ಕರಕ್ ನಡುವೆ ಸಣ್ಣದೊಂದು ಸುಯ್ ಸೇರಿಕೊಂಡಿದೆ. ನಿನ್ನೆ ರಾತ್ರಿ ಅದಕ್ಕೆ ಹೆಂಡತಿಗೇ ಎಚ್ಚರವಾಯಿತು. ನನ್ನ ಭುಜ ಅಲುಗಿಸಿ, "ರೀ, ಏನೋ ಸದ್ದು ಕಣ್ರೀ" ಎಂದಳು.

"ಇಲಿ ಇರ್ಬೇಕು. ಟಾರ್ಚ್ ಅಲ್ಲೇ ಇದೆ, ನೋಡು" ಎಂದು ಮಗ್ಗುಲು ಬದಲಿಸಿದೆ.