ಎರಡು ಗುಂಡಿನ ಸುದ್ದಿ

ಕೊಡವರ ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದೇ. ಅಲ್ಲಿಗೆ ಸುದ್ದಿ ಮುಗಿಯಿತು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಕೊಡೆ ಹಿಡಿದು ಹೊರಡುತ್ತಾರೆ.

ಟೀವಿಯವರಿಗೆ ಎರಡು ಗುಂಡು ಎಲ್ಲಿಗೂ ಸಾಲದು. ಜುಲೈ ಮಳೆಯಲ್ಲಿ ವಿರಾಜಪೇಟೆ ಕಡೆ ಒಂದು ಸಾವಿನ ಮನೆಗೆ ಹೋಗಿದ್ದೆ. ಒಳಗೆ ಹೆಣ, ತಲೆಯ ಹತ್ತಿರ ದೀಪ. ಹೊರಗೆ ಟಾರ್ಪಾಲಿನಡಿ ಆರೇಳು ಜನ ಒಂದೇ ಫೋನಿನ ಮೇಲೆ ಬಗ್ಗಿ ಕೂತಿದ್ದರು. ಇಣುಕಿದರೆ, ಬೆಂಗಳೂರಿನಲ್ಲಿ ತೀರಿಕೊಂಡ ಯಾರೋ ನಟರ ಅಂತಿಮ ದರ್ಶನ, ನೇರಪ್ರಸಾರ. ಪಿಟೀಲು ಅಳುತ್ತಿತ್ತು. ನಡುನಡುವೆ ಜೀವವಿಮೆ ಜಾಹೀರಾತು.

"ಎತ್ತೋದು ಎಷ್ಟು ಗಂಟೆಗೆ?" ಎಂದು ಕೇಳಿದೆ.

"ಮೂರಕ್ಕಂತೆ. ಈಗ ತೋರಿಸಿದ್ರು," ಅಂದ ಒಬ್ಬ.

ನಮ್ಮ ಹೆಣದ್ದು ಯಾವ ಚಾನೆಲ್‌ನಲ್ಲೂ ಬಂದಿರಲಿಲ್ಲ. ಹಾಗಾಗಿ ಅದರ ಟೈಮ್ ಯಾರಿಗೂ ಗೊತ್ತಿರಲಿಲ್ಲ.

ಕಾಮಿಡಿ ಶೋಗಳಲ್ಲಿ ಆಗಾಗ ಯಮ ಬರುತ್ತಾನೆ. ಥರ್ಮಾಕೋಲ್ ಗದೆ, ಬಾಡಿಗೆ ಕಿರೀಟ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಚಿತ್ರಗುಪ್ತ. ತಪ್ಪು ವಿಳಾಸಕ್ಕೆ ಬಂದು ಬೈಸಿಕೊಂಡು ಹೋಗುತ್ತಾನೆ. ಪಾಪ, ಮರ್ಯಾದಸ್ಥ. ಸತ್ತವನ ಹೆಂಡತಿಯ ಮುಖಕ್ಕೆ ಮೈಕ್ ಹಿಡಿದು 'ಹೇಗನ್ನಿಸ್ತಿದೆ ಮೇಡಂ' ಅಂತ ಅವನು ಕೇಳಿದ್ದನ್ನು ನಾನಂತೂ ನೋಡಿಲ್ಲ. ಅದಕ್ಕೆ ವಾರ್ತೆಗೇ ಚಾನೆಲ್ ತಿರುಗಿಸಬೇಕು.

1989ರಲ್ಲಿ ದೂರದರ್ಶನದಲ್ಲಿ ಹಾಸ್ಯನಟ ಜಸ್ಪಾಲ್ ಭಟ್ಟಿ 'ಫ್ಲಾಪ್ ಶೋ' ಎಂಬ ಅಣಕದ ಧಾರಾವಾಹಿ ಮಾಡಿದರು. ಬರೀ 10 ಕಂತು. ಕಂಟ್ರಾಕ್ಟರು, ಡಾಕ್ಟರು, ಕೊನೆಗೆ ಟೀವಿಯವರನ್ನೂ ಬಿಡಲಿಲ್ಲ. 2012ರ ಅಕ್ಟೋಬರ್ 25ರಂದು ರಸ್ತೆ ಅಪಘಾತದಲ್ಲಿ ಹೋದರು. ಮರುದಿನವೇ ಅವರ 'ಪವರ್ ಕಟ್' ಸಿನಿಮಾ ಬಿಡುಗಡೆಯಿತ್ತು. (ಕೊಡಗಿನಲ್ಲಿ ಆ ಹೆಸರಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಓಡುತ್ತದೆ, ಟಿಕೆಟ್ ಬೇಡ.) ಅವರು ಈಗ ಇದ್ದಿದ್ದರೆ ಕೆಲಸ ಇರುತ್ತಿತ್ತೋ ಇಲ್ಲವೋ. ಅಣಕ ಮಾಡುವ ಮೊದಲೇ ಚಾನೆಲ್‌ನವರು ತಮ್ಮನ್ನು ತಾವೇ ಅಣಕಿಸಿಕೊಂಡು ಮುಗಿಸಿರುತ್ತಾರೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿಯಿತು. ಒಂದು ಮನೆ ಇಡಿಯಾಗಿ ಇಳಿಜಾರಿಗೆ ಜಾರುವ ವೀಡಿಯೊ ನೆನಪಿದೆ ಅಲ್ವಾ? ಮನೆಯವರ ಪಾಲಿಗೆ ಅದು ಒಂದೇ ಸಲ ಬಿತ್ತು. ಟೀವಿಯಲ್ಲಿ ಬೀಳುತ್ತಲೇ ಇತ್ತು. ಬೆಳಿಗ್ಗೆ ಕಾಫಿಗೂ ಬಿತ್ತು, ರಾತ್ರಿ ಊಟಕ್ಕೂ ಬಿತ್ತು.

ತೋಟದ ಕೆಲಸಕ್ಕೆ ಹೋದವರನ್ನು ಆನೆ ತುಳಿದರೆ? ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸಾಲು, ಚಿನ್ನದ ದರದ ಹಿಂದೆ. 'ಕಾರ್ಮಿಕ ಸಾವು' ಅಷ್ಟೇ, ಹೆಸರಿರುವುದಿಲ್ಲ. ಅದೇ ದುಬಾರೆ ಶಿಬಿರದ ಸಾಕಾನೆ ದಸರೆಗೆ ಮೈಸೂರಿಗೆ ಹೊರಟರೆ ಹೆಸರು, ವಯಸ್ಸು, ತೂಕ ಎಲ್ಲ ಬರುತ್ತದೆ.

ಕಳೆದ ವಾರ ರಾತ್ರಿ ಯಾರೋ ದೊಡ್ಡವರೊಬ್ಬರ 'ಕ್ಷಣಗಣನೆ' ಮೂರು ಗಂಟೆಯಿಂದ ನಡೆದಿತ್ತು. ಪಕ್ಕದ ತೋಟದ ಮಾವ ನಮ್ಮಲ್ಲೇ ಕೂತು ನೋಡುತ್ತಿದ್ದರು. ವಾಟ್ಸಾಪ್‌ನಲ್ಲಿ ಆಗಲೇ ಎಂಟು 'ಓಂ ಶಾಂತಿ' ಬಂದಿತ್ತು. ಆ ಮನುಷ್ಯ ಇನ್ನೂ ಉಸಿರಾಡುತ್ತಿದ್ದ.

ಮಳೆ ಜೋರಾಯಿತು. ಡಿಶ್ ಸಿಗ್ನಲ್ ಹೋಯಿತು. ಆಂಕರ್ ಬಾಯಿ ತೆರೆದ ಹಾಗೇ ನಿಂತುಬಿಟ್ಟ.

ಗದ್ದೆಯಾಚೆಯಿಂದ ಢಂ, ಢಂ ಅಂತ ಕೇಳಿತು.

"ಆನೆ ಓಡಿಸೋ ಪಟಾಕಿ ಇರ್ಬೇಕು ಮಾವ," ಅಂದೆ.

"ಪಟಾಕಿ ಅಲ್ಲ. ಕೋವಿ. ಎರಡು." ಮಾವ ಆಗಲೇ ಎದ್ದು ಬಾಗಿಲ ಹಿಂದಿನ ಕೊಡೆಗೆ ಕೈ ಹಾಕಿದ್ದರು. "ಟಾರ್ಚ್ ಎಲ್ಲಿಟ್ಟಿದ್ದೀಯ?"