ಝೀರೋ ಬಲ್ಬಿನ ಮೇಲೊಂದು ಆಪಾದನೆ

ನಮ್ಮ ಮಲಗುವ ಕೋಣೆಯ ಹಳೇ ಝೀರೋ ಬಲ್ಬು ಹೆಸರಿಗಷ್ಟೇ ಸೊನ್ನೆ. ನಿಜಕ್ಕೂ 12ರಿಂದ 15 ವ್ಯಾಟ್ ನುಂಗುವ ಗಿರಾಕಿ. ಹಿಂದಿನ ಮೀಟರುಗಳ ಕಣ್ಣಿಗೆ ಬೀಳುತ್ತಿರಲಿಲ್ಲವಂತೆ, ಅದಕ್ಕೇ ಆ ಹೆಸರು. ಅದರ ಮೇಲೆ ಯಾರೂ ದೂರು ಹೇಳಿದ್ದಿಲ್ಲ. ಎರಡನೇ ಕ್ಲಾಸಿನ ಮಗಳಿಗೆ ಕನ್ನಡಕ ಬಂದ ದಿನ ಮಾತ್ರ ಅಮ್ಮ ತೀರ್ಪು ಕೊಟ್ಟೇಬಿಟ್ಟಳು: "ರಾತ್ರಿಯೆಲ್ಲ ಆ ದೀಪ ಉರಿಸೀ ಉರಿಸೀ ಮಗೂ ಕಣ್ಣು ಹಾಳ್ ಮಾಡಿದ್ಯಲ್ಲೋ!"

ನಕ್ಕು ಸುಮ್ಮನಾಗೋಣವೆಂದರೆ ಅಮ್ಮನ ಪರವಾಗಿ ಘನವಾದ ಸಾಕ್ಷಿಯೇ ಇತ್ತು. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 479 ಮಕ್ಕಳ ಹೆತ್ತವರನ್ನು ವಿಚಾರಿಸಿದ್ದರು: ಎರಡು ವರ್ಷ ತುಂಬುವ ಮೊದಲು ಮಗು ಮಲಗುತ್ತಿದ್ದದ್ದು ಕತ್ತಲಲ್ಲೋ, ಬೆಳಕಿನಲ್ಲೋ? ಕತ್ತಲಲ್ಲಿ ಮಲಗಿದವರಲ್ಲಿ ನೂರಕ್ಕೆ 10 ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ. ಪುಟ್ಟ ದೀಪವಿದ್ದರೆ 34. ಕೋಣೆಯ ದೊಡ್ಡ ದೀಪವೇ ಉರಿಯುತ್ತಿದ್ದರೆ 55! ಅಚ್ಚಾದದ್ದು 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ. ದೀಪವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ ಎಂದು ಅವರೇ ಬರೆದಿದ್ದರು. ಅಂಥ ಸಾಲನ್ನು ಯಾರು ಓದುತ್ತಾರೆ?

ಅಂದು ರಾತ್ರಿ ಬಲ್ಬು ಆರಿಸಿ ಮಲಗಿದೆ. ಎರಡು ಗಂಟೆಗೆ ಎಚ್ಚರವಾಗಿ ಕನ್ನಡಕಕ್ಕೆ ತಡಕಾಡಿದರೆ ಕೈಗೆ ಸಿಕ್ಕಿದ್ದು ನೀರಿನ ಚೊಂಬು. ಅದು ಢಣ್ ಎಂದು ಉರುಳಿ ಮನೆಯೆಲ್ಲ ಎದ್ದು ಕೂತಿತು. ನೆಲ ಒರೆಸುತ್ತಿರುವಾಗ ಹೊಳೆಯಿತು: ಅಲ್ಲ, ಈ ಮನೆಯಲ್ಲಿ ಆ ಬಲ್ಬು ಇರುವುದಾದರೂ ಯಾಕೆ? ನನ್ನ ಪವರ್ ಮೈನಸ್ ಆರು, ಹೆಂಡತಿಯದು ಮೈನಸ್ ನಾಲ್ಕು. ಕತ್ತಲಲ್ಲಿ ನಮಗೆ ತೊಟ್ಟಿಲಿಗೂ ಬಟ್ಟೆ ಬುಟ್ಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ದೀಪ ಬಂದದ್ದು ನಮ್ಮ ಕಣ್ಣಿನಿಂದ. ಮಗಳ ಕನ್ನಡಕವೂ ಬಹುಶಃ ಅಲ್ಲಿಂದಲೇ.

2000ದಲ್ಲಿ ಅದೇ 'ನೇಚರ್' ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳು ಹೇಳಿದ್ದೂ ಇದನ್ನೇ. ಅವರು ನೋಡಿದ ಮಕ್ಕಳಲ್ಲಿ ದೀಪಕ್ಕೂ ಸಮೀಪದೃಷ್ಟಿಗೂ ನಂಟು ಕಾಣಲಿಲ್ಲ. ಆದರೆ ಸಮೀಪದೃಷ್ಟಿಯ ಅಪ್ಪ-ಅಮ್ಮಂದಿರೇ ಮಗುವಿನ ಕೋಣೆಯಲ್ಲಿ ಹೆಚ್ಚಾಗಿ ದೀಪ ಹಚ್ಚಿಡುತ್ತಿದ್ದರು.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇದು ಅದಕ್ಕಿಂತ ಮೋಸದ್ದು. ಅಲ್ಲಿ ಬರೀ ಆಕಸ್ಮಿಕ. ಇಲ್ಲಿ ಎರಡೂ ಒಂದೇ ಬಳ್ಳಿಯ ಕಾಯಿಗಳು, ಬಳ್ಳಿ ಮಾತ್ರ ಎಲೆಯ ಮರೆಯಲ್ಲಿ. ಕಾಯಿಯಿಂದ ಕಾಯಿ ಹುಟ್ಟಿತೆಂದು ನಾವು ನಂಬಿಬಿಡುತ್ತೇವೆ.

ಬೆಳಿಗ್ಗೆ ಅಮ್ಮನಿಗೆ ಎಲ್ಲ ವಿವರಿಸಿದೆ. ಹುರುಳಿಕಾಯಿಯ ನಾರು ತೆಗೆಯುತ್ತ ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ನಿಮ್ಮಪ್ಪನ ಕಡೆಯಿಂದ ಬಂದದ್ದು ಬಿಡು" ಎಂದು, ಮೂಗಿನ ತುದಿಗೆ ಜಾರಿದ್ದ ತನ್ನ ಕನ್ನಡಕವನ್ನು ಮೇಲೇರಿಸಿಕೊಂಡಳು.