ಸಾಫ್ಟ್‌ವೇರ್‌ಗಿಂತ ಮೊದಲು ನಿದ್ದೆ

ಮಕ್ಕಳ ಮಿದುಳಿನ ಸ್ಕ್ಯಾನ್ ಬಗ್ಗೆ ಬರೆಯುತ್ತಾ, ಸ್ಕ್ಯಾನ್ ಹೊತ್ತಿನಲ್ಲಿ ಮಗು ಅಲುಗಾಡಿದರೂ ಸಾಫ್ಟ್‌ವೇರ್ ಎಲ್ಲ ಸರಿಮಾಡುತ್ತದೆ ಅಂತ ಹೇಳಿದ್ದೀರಿ. ಅಷ್ಟು ಸುಲಭ ಅಲ್ಲ. ತಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಸರಿದರೂ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಯಾವಾಗ ಚುರುಕಾಗಿದೆ ಅಂತ ತೋರಿಸುವ ಸ್ಕ್ಯಾನ್) ಲೆಕ್ಕ ತಪ್ಪಬಹುದು. ಮಿದುಳಿನ ಅಕ್ಕಪಕ್ಕದ ಭಾಗಗಳ ನಂಟು (ಅಂದರೆ ಅವು ಎಷ್ಟು ಒಟ್ಟೊಟ್ಟಿಗೆ ಕೆಲಸ ಮಾಡುತ್ತವೆ ಅನ್ನುವುದು) ಇರುವುದಕ್ಕಿಂತ ಜಾಸ್ತಿ, ದೂರದ ಭಾಗಗಳದ್ದು ಕಡಿಮೆ ಕಾಣಿಸುತ್ತದೆ. 2012ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದ ಮೇಲೆ, ಮಕ್ಕಳ ಮಿದುಳಿನ ಬೆಳವಣಿಗೆ ಬಗ್ಗೆ ಮೊದಲು ಹೇಳಿದ್ದನ್ನೇ ಮತ್ತೆ ಪರೀಕ್ಷಿಸಬೇಕಾಯಿತು. ಚಿಕ್ಕವರೇ ಜಾಸ್ತಿ ಅಲುಗಾಡುವುದು, ಅಲ್ವಾ? ಕೆಟ್ಟ ಚಿತ್ರಗಳನ್ನು ತೆಗೆದುಹಾಕಬಹುದು, ಆದರೆ ಉಳಿದದ್ದು ಸಾಕಾಗಬೇಕಲ್ಲ! ಲಂಡನ್ನಿನಲ್ಲಿ ನವಜಾತ ಶಿಶುಗಳ ದೊಡ್ಡ ಅಧ್ಯಯನದಲ್ಲಿ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ, ಕಿವಿಗೆ ಸದ್ದು ಬೀಳದಂತೆ ನೋಡಿಕೊಂಡು, ಮಗು ತಾನಾಗೇ ಮಲಗಿದ ಮೇಲೆ ಸ್ಕ್ಯಾನ್ ಮಾಡಿದರು. ಸಾಫ್ಟ್‌ವೇರ್ ಕೆಲಸ ಆಮೇಲೆ. ದಯವಿಟ್ಟು ಆ ತಯಾರಿ ಬಗ್ಗೆಯೂ ಬರೆಯಿರಿ.